ಮಿದುಳಿನ ಸಾರವೆಯೂ ಅದನ್ನು ಹುಡುಕುವ ಪ್ರತಿಕಾಯವೂ

ನಮ್ಮ ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯಲ್ಲಿ ಮಳೆಗಾಲ ಬಂದಿತೆಂದರೆ ಹೊಲಗಳಲ್ಲಿ ಹಾವಿನ ಭಯವೂ ಅದರ ಜೊತೆಗೇ ಬರುವುದು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ದರೆ ವೈದ್ಯರು ಪ್ರತಿವಿಷದ ಚುಚ್ಚುಮದ್ದು ಕೊಡುತ್ತಾರೆಂಬುದನ್ನು ಚಿಕ್ಕ ಮಕ್ಕಳೂ ಬಲ್ಲರು. ಆದರೆ ಆ ಮದ್ದು ಎಲ್ಲಿಂದ ಬಂದಿತೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಅದು ಕುದುರೆಯ ರಕ್ತದಿಂದ ಬಂದುದು. ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ, ಕ್ರಮಕ್ರಮವಾಗಿ ಹೆಚ್ಚಿಸುತ್ತ ಕುದುರೆಗೆ ಚುಚ್ಚಿದರೆ, ಅದರ ಶರೀರವು ಆ ವಿಷವನ್ನು ಗುರುತಿಸಿ ಹಿಡಿಯತಕ್ಕ ಒಂದು ಬಗೆಯ ಪ್ರೋಟೀನನ್ನು ತಯಾರಿಸಿಕೊಳ್ಳುವುದು. ಅದಕ್ಕೆ ಪ್ರತಿಕಾಯವೆಂದು ಹೆಸರು. ಇಂತಹ ರಕ್ತರಸದಿಂದ ರೋಗವನ್ನು ತಡೆಯಬಹುದೆಂದು 1890ರಲ್ಲಿ ಬೇರಿಂಗ್, ಕಿಟಸಾಟೊ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು.

ಪ್ರತಿಕಾಯದ ಮುಖ್ಯ ಗುಣವೆಂದರೆ ಗುರುತು ಹಿಡಿಯುವುದು. ನಮ್ಮ ದೇಶದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಿಸುತ್ತಾರೆ. ಚೇಳಿನ ವಿಷದ ಮೇಲೆ ಅದು ನಡೆಯದು. ಈ ಗುರುತು ಹಿಡಿಯುವ ಶಕ್ತಿಯನ್ನೇ ವಿಜ್ಞಾನಿಗಳು ಈಗ ಮಿದುಳಿನೊಳಗೆ ಹುಡುಕುವ ಕೆಲಸಕ್ಕೆ ಬಳಸಿಕೊಂಡಿದ್ದಾರೆ. ಹುಡುಕುವುದಾದರೂ ಏನನ್ನು?

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶವು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸ್ಥಳವನ್ನು ನರಸಂಧಿ ಎನ್ನುವರು. ಅಲ್ಲಿ ಬಹುಮಟ್ಟಿಗೆ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುವೆ ಒಂದು ಮಿಲಿಮೀಟರಿನ ಐವತ್ತು ಸಾವಿರದ ಒಂದು ಭಾಗದಷ್ಟು ಸಂದು ಇರುವುದು. ಈಚೆಯ ಕೋಶವು ಚೆಲ್ಲಿದ ರಾಸಾಯನಿಕವನ್ನು ಆಚೆಯ ಕೋಶದ ಗ್ರಾಹಕಗಳು ಹಿಡಿದುಕೊಳ್ಳಬೇಕು. ಆ ಗ್ರಾಹಕಗಳು ಸಂದಿಗೆ ಎದುರಾಗಿಯೇ ನಿಲ್ಲಬೇಕಷ್ಟೆ. ಅವನ್ನು ಹಾಗೆ ಹಿಡಿದು ನಿಲ್ಲಿಸುವ ಪ್ರೋಟೀನುಗಳಿಗೆ, ಮನೆ ಕಟ್ಟುವಾಗ ಬೊಂಬುಗಳಿಂದ ಕಟ್ಟುವ ಸಾರವೆಯ ಹೋಲಿಕೆಯಿಂದ, ಸಾರವೆ ಪ್ರೋಟೀನುಗಳೆಂದು ಹೆಸರಿಟ್ಟಿದ್ದಾರೆ. ಈ ಹೆಸರು ನನಗೆ ಪೂರ್ಣವಾಗಿ ಒಪ್ಪಿಗೆಯಾಗಿಲ್ಲ. ಮನೆಯ ಗಿಲಾವು ಮುಗಿದೊಡನೆ ಸಾರವೆಯನ್ನು ಬಿಚ್ಚಿಬಿಡುತ್ತೇವೆ; ಮಿದುಳಿನ ಸಾರವೆಯಾದರೋ ಬಾಳಿನುದ್ದಕ್ಕೂ ಇರಬೇಕಾದುದು. ಗದ್ವಾಲ ಸೀರೆಯ ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ನೇಕಾರನು ಎಳೆಗೆ ಎಳೆ ಸಿಕ್ಕಿಸಿ ಹಾಕುವ ಕೂಡಿಕೆಯೇ ಇದಕ್ಕೆ ಹೆಚ್ಚು ಹತ್ತಿರದ ಉಪಮೆಯೆಂದು ತೋರುತ್ತದೆ.

ಇಂತಹ ಪ್ರೋಟೀನುಗಳಲ್ಲಿ ಪ್ರಸಿದ್ಧವಾದುದು ಪಿ.ಎಸ್.ಡಿ.-95. ಅಮೆರಿಕದಲ್ಲಿ ಮೇರಿ ಕೆನಡಿಯವರೂ ಅವರ ಸಂಗಡಿಗರೂ 1992ರಲ್ಲಿ ಇಲಿಯ ಮಿದುಳಿನಿಂದ ಇದರ ರಚನೆಯನ್ನು ತಿಳಿದು ಪ್ರಕಟಿಸಿದರು. ಒಂದೊಂದು ನರಸಂಧಿಯಲ್ಲಿ ಇದರ ಸುಮಾರು 300 ಅಣುಗಳಿರುವುವೆಂದು ಲೆಕ್ಕ ಹಾಕಿದ್ದಾರೆ. 1998ರಲ್ಲಿ ಈ ಪ್ರೋಟೀನನ್ನು ಕೆಡಿಸಿದ ಇಲಿಗಳನ್ನು ನೀರಿನ ತೊಟ್ಟಿಯಲ್ಲಿ ಈಜಲು ಬಿಟ್ಟು ನೋಡಿದರು. ನೀರಿನಡಿ ಅಡಗಿಸಿಟ್ಟ ಮಣೆಯ ಸ್ಥಳವನ್ನು ಇತರ ಇಲಿಗಳು ಬೇಗನೆ ಕಲಿತುಕೊಂಡರೆ, ಇವು ಕಲಿಯಲಾರದೆ ತೊಳಲಿದವು.

ತಂದೆತಾಯಿಗಳು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕೆಂದು ಪ್ರಾರ್ಥನೆ. ಶ್ಯಾಂಕ್-3 ಎಂಬ ಇನ್ನೊಂದು ಸಾರವೆ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಕೆಲವು ಮಕ್ಕಳಲ್ಲಿ ಆಟಿಸಂ ತೋರಬಹುದೆಂದು 2007ರಲ್ಲಿ ತಿಳಿದುಬಂದಿತು. ಪಿ.ಎಸ್.ಡಿ.-95ರ ಸಂಗಾತಿಯಾದ ಸಿನ್‌ಗ್ಯಾಪ್ ಪ್ರೋಟೀನಿನ ವಂಶವಾಹಿ ಕೆಟ್ಟರೆ ಮಗುವಿನ ಬುದ್ಧಿಬೆಳವಣಿಗೆ ಕುಂಠಿತವಾಗುವುದೆಂದು 2009ರಲ್ಲಿ ಗೊತ್ತಾಯಿತು. ಇಂತಹ ಮಕ್ಕಳಲ್ಲಿ ಅನೇಕರಿಗೆ ಮೂರ್ಛೆರೋಗವೂ ಇರುವುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದೇ ದೋಷವಿರುವ ಇಲಿಗಳ ಮೇಲೆ ಸಂಶೋಧನೆ ನಡೆದಿದೆ. ಪಾಠದಲ್ಲಿ ಹಿಂದುಳಿದ ಮಕ್ಕಳಿಗೆಲ್ಲ ಇದೇ ಕಾರಣವೆಂದು ಭಾವಿಸಬಾರದು, ಕಾರಣಗಳು ಹಲವು. ಆದರೆ ಈ ಕೆಲವು ಮಕ್ಕಳ ವಿಷಯದಲ್ಲಿ ಹಟಮಾರಿತನವೆಂದು ಬೈಯುವುದೂ ಪೂರ್ವಜನ್ಮದ ಕರ್ಮವೆಂದು ಕೊರಗುವುದೂ ಎರಡೂ ತಪ್ಪೆಂಬುದು ಸ್ಪಷ್ಟವಾಗಿದೆ.

ಕಣ್ಣಿಗೆ ಕಾಣದ ಈ ಸಾರವೆ ಎಲ್ಲಿದೆ, ಎಷ್ಟಿದೆ ಎಂದು ತಿಳಿಯಲು ಪ್ರತಿಕಾಯವೇ ಬೇಕು. ಅದಕ್ಕೆ ಹೊಳೆಯುವ ಬಣ್ಣವನ್ನು ಅಂಟಿಸುವ ಉಪಾಯವನ್ನು 1941ರಲ್ಲಿ ಆಲ್ಬರ್ಟ್ ಕೂನ್ಸ್ ಎಂಬುವರು ತೋರಿಸಿದರು. ಮಿದುಳಿನ ತೆಳುವಾದ ತುಣುಕಿನ ಮೇಲೆ ಅಂತಹ ಪ್ರತಿಕಾಯವನ್ನು ಹಾಕಿ, ಅಂಟದೆ ಉಳಿದುದನ್ನು ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆ ಪ್ರೋಟೀನು ಇರುವೆಡೆಯಲ್ಲಿ ಚುಕ್ಕೆಗಳು ಬೆಳಗುವುವು. ಆದರೆ ಪ್ರಾಣಿಯ ರಕ್ತದಲ್ಲಿ ನಾನಾ ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. 1975ರಲ್ಲಿ ಕೇಂಬ್ರಿಜ್ಜಿನ ಕೋಹ್ಲರ್, ಮಿಲ್‌ಸ್ಟೈನ್ ಎಂಬುವರು ಇಲಿಯ ಪ್ರತಿಕಾಯ ತಯಾರಿಸುವ ಕೋಶವನ್ನು ಅರ್ಬುದ ರೋಗದ ಕೋಶದೊಡನೆ ಬೆಸೆದರು. ಅರ್ಬುದ ಕೋಶಕ್ಕೆ ಸಾವಿಲ್ಲ. ಆದುದರಿಂದ ಬೆಸೆದ ಕೋಶದ ಸಂತತಿಯು ಒಂದೇ ಒಂದು ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ಕೊಡುತ್ತಿರುವುದು. ಇದಕ್ಕಾಗಿ 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟಾದರೂ ತೊಡಕು ತೀರಲಿಲ್ಲ. ಪಿ.ಎಸ್.ಡಿ.-95ಕ್ಕೆ ಪಿ.ಎಸ್.ಡಿ.-93, ಎಸ್.ಎ.ಪಿ.-97, ಎಸ್.ಎ.ಪಿ.-102 ಎಂಬ ಮೂವರು ಒಡಹುಟ್ಟಿದವರಿದ್ದಾರೆ. ಮುಖಚರ್ಯೆಯಲ್ಲಿ ನಾಲ್ವರಿಗೂ ಬಹಳ ಹೋಲಿಕೆ. ಮಕ್ತಲದ ಸಂತೆಯಲ್ಲಿ ನಿಂತು “ಬಸಪ್ಪಾ!” ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುವುದಿಲ್ಲವೇ? ಹಾಗೆಯೇ ಒಬ್ಬನನ್ನು ಹುಡುಕಲು ಹೋದ ಪ್ರತಿಕಾಯವು ನಾಲ್ವರಿಗೂ ಅಂಟಿಬಿಡಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ತಯಾರಾದ ಎರಡು ಪ್ರತಿಕಾಯಗಳು ಇದಕ್ಕೆ ಸೊಗಸಾದ ನಿದರ್ಶನ. ಇಲಿಗಳಿಗೆ ಪಿ.ಎಸ್.ಡಿ.-95ರ ತುಂಡನ್ನು ಚುಚ್ಚಿ ಪಡೆದವು ಇವು. ಕೆ28/43 ಎಂಬುದು ಪಿ.ಎಸ್.ಡಿ.-95 ಒಂದನ್ನೇ ಹಿಡಿಯುವುದು. ಅದರ ನೆರೆಯ ಕೆ28/86 ಎಂಬುದು ನಾಲ್ವರನ್ನೂ ಹಿಡಿಯುವುದು. ಎರಡಕ್ಕೂ ಉಪಯೋಗವುಂಟು, ಕುಟುಂಬವನ್ನೆಲ್ಲ ಎಣಿಸಬೇಕಾದಾಗ ಎರಡನೆಯದೇ ಬೇಕು. ಆದರೆ ಸೀಸೆಯ ಮೇಲಿನ ಅಂಕೆಯನ್ನು ತಪ್ಪಾಗಿ ಓದಿಕೊಂಡವನ ಗತಿಯೇನು? ರೋಗದಲ್ಲಿ ಪಿ.ಎಸ್.ಡಿ.-95 ಕಡಿಮೆಯಾಗಿದ್ದರೂ ಉಳಿದ ಮೂವರ ಬೆಳಕನ್ನು ಕಂಡು “ಎಲ್ಲವೂ ಸರಿಯಾಗಿದೆ” ಎಂದು ಬರೆದುಬಿಟ್ಟಾನು. ಅದನ್ನು ನಂಬಿ ಮುಂದಿನವರು ವರ್ಷಗಟ್ಟಲೆ ಬೇರೆ ದಾರಿಯಲ್ಲಿ ಮದ್ದು ಹುಡುಕಿಯಾರು.

ಆದಕಾರಣ ಪ್ರತಿಕಾಯವನ್ನು ಸಾಕ್ಷಿಯಂತೆ ಪರೀಕ್ಷಿಸಬೇಕಾಗುವುದು. 2016ರಲ್ಲಿ ಕೆಲವು ದೇಶಗಳ ವಿಜ್ಞಾನಿಗಳು ಕೂಡಿ ಐದು ಬಗೆಯ ಪರೀಕ್ಷೆಗಳನ್ನು ಸೂಚಿಸಿದರು. ಅವುಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದುದು ಇದು: ಆ ಪ್ರೋಟೀನಿನ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಯ ಮಿದುಳಿನ ತುಣುಕಿನ ಮೇಲೂ ಪ್ರತಿಕಾಯವನ್ನು ಹಾಕಿ ನೋಡುವುದು. ಅಲ್ಲಿ ಕತ್ತಲೆಯೇ ಕಾಣಬೇಕು. ಅಲ್ಲಿಯೂ ಚುಕ್ಕೆಗಳು ಬೆಳಗಿದರೆ ಆ ಪ್ರತಿಕಾಯವು ಇಲ್ಲದವನನ್ನು ಕಂಡೆನೆಂದು ಸಾಕ್ಷಿ ನುಡಿಯುತ್ತಿದೆಯೆಂದು ತಿಳಿಯಬೇಕು.

ಮನುಷ್ಯರ ವಿಷಯದಲ್ಲಿ ಹೀಗೆ ಮಾಡುವುದು ಸಾಧ್ಯವಿಲ್ಲ. ಅಲ್ಲಿ ಮತ್ತೊಂದು ಪರೀಕ್ಷೆ ನೆರವಾಗುವುದು. ಅದೇ ಪ್ರೋಟೀನಿನ ಬೇರೊಂದು ಭಾಗವನ್ನು ಹಿಡಿಯುವ ಎರಡನೆಯ ಪ್ರತಿಕಾಯವನ್ನು ಹಾಕಿ, ಎರಡರ ಚುಕ್ಕೆಗಳೂ ಒಂದೇ ಸ್ಥಳದಲ್ಲಿ ಬೀಳುವುವೇ ಎಂದು ನೋಡುವರು. ಇಂತಹ ಅಧ್ಯಯನಗಳಿಗೆ ಬೇಕಾದ ಮನುಷ್ಯರ ಮಿದುಳುಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಆರಂಭವಾದ ಮಿದುಳಿನ ಭಂಡಾರವು ಕಾಪಾಡಿಕೊಂಡು ಬಂದಿದೆ. ತಮ್ಮವರನ್ನು ಕಳೆದುಕೊಂಡ ದಿನವೇ, ಆ ದುಃಖದ ನಡುವೆಯೇ, ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದ ಕುಟುಂಬಗಳಿಂದ ಬಂದವು ಅವು. ಅಲ್ಲಿಯೇ ಮಿದುಳಿನ ವಸ್ತುಸಂಗ್ರಹಾಲಯವೂ ಇದೆ. ಬಂದವರ ಕೈಗೆ ನಿಜವಾದ ಮಿದುಳನ್ನು ಕೊಟ್ಟು ತೋರಿಸುವ ಪದ್ಧತಿ ಅಲ್ಲಿಯದು.