ನಾಯಿಗಿರುವ ಜೀವ, ನಾಯಿಯ ಮೇಲಿರುವ ಜೀವ: ರೋಬೋಟ್ ನಾಯಿಯಿಂದ ಒಂದು ವಿಜ್ಞಾನ ಪಾಠ

ಪೀಠಿಕೆ

ಸಜೀವಿ–ನಿರ್ಜೀವಿ ಪಾಠವನ್ನು ಕಲ್ಲು ಮತ್ತು ನಾಯಿಯ ಉದಾಹರಣೆ ಕೊಟ್ಟು ಮುಗಿಸುವುದು ಸುಲಭ. ಆದರೆ ಕಲ್ಲಿಗೆ ಜೀವವಿಲ್ಲ, ನಾಯಿಗೆ ಇದೆ ಎಂಬುದು ಆರನೆಯ ತರಗತಿಯ ಮಗುವಿಗೆ ಮೊದಲೇ ಗೊತ್ತು. ಗೊತ್ತಿದ್ದದ್ದನ್ನೇ ಕೇಳಿದರೆ ಲಕ್ಷಣಗಳ ಪಟ್ಟಿ ಬಾಯಿಪಾಠವಾಗುತ್ತದೆ, ಯೋಚನೆ ನಡೆಯುವುದಿಲ್ಲ. ಆದ್ದರಿಂದ ರೋಣ ತಾಲೂಕಿನ ಹೊಳೆಮಣ್ಣೂರಿನಲ್ಲಿ ನನ್ನ ಬೋಧನಾಭ್ಯಾಸದ ಸಮಯದಲ್ಲಿ, ಎರಡು ಗುಂಪಿಗೂ ಸೇರುವಂತೆ ಕಾಣುವ ಒಂದು ವಸ್ತುವನ್ನು ಈ ಪಾಠಕ್ಕೆ ಆರಿಸಿಕೊಂಡೆ. ಅದು ಜಪಾನಿನ ಮನೆಗಳಲ್ಲಿ ಸಾಕುನಾಯಿಯಂತೆ ಇಟ್ಟುಕೊಳ್ಳುವ ರೋಬೋಟ್ ನಾಯಿ ‘ಐಬೊ’. ಪಾಠ ಎರಡು ಅವಧಿ ತೆಗೆದುಕೊಂಡಿತು. ಮಕ್ಕಳು ಕೇಳಿದ ಕೆಲವು ಪ್ರಶ್ನೆಗಳಿಗೆ ಲಕ್ಷಣಗಳ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಅಂಥ ಪ್ರಶ್ನೆ ಬಂದಾಗ ಶಿಕ್ಷಕರು ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಉದ್ದೇಶಗಳು

1. ಸಜೀವಿಗಳ ಲಕ್ಷಣಗಳನ್ನು ಹೊಸ ಸನ್ನಿವೇಶಕ್ಕೆ ಅನ್ವಯಿಸುವುದು.
2. ಆಹಾರಕ್ಕೂ ವಿದ್ಯುಚ್ಛಕ್ತಿಗೂ ಇರುವ ವ್ಯತ್ಯಾಸವನ್ನು ವಿವರಿಸುವುದು.
3. ಒಂದು ವಸ್ತುವಿಗೆ ಜೀವವಿದೆಯೇ ಎಂಬ ಪ್ರಶ್ನೆಯನ್ನೂ ಅದು ನಮಗೆ ಪ್ರಿಯವೇ ಎಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಗುರುತಿಸುವುದು.

ವಿಷಯದ ಹಿನ್ನೆಲೆ

ಸೋನಿ ಕಂಪನಿ 1999ರಲ್ಲಿ ಐಬೊ ಮಾರಾಟಕ್ಕೆ ತಂದಿತು. ಜಪಾನಿ ಭಾಷೆಯಲ್ಲಿ ಇದೇ ಉಚ್ಚಾರದ ಮಾತಿಗೆ ‘ಜೊತೆಗಾರ’ ಎಂಬ ಅರ್ಥವಿದೆ. ಬೆಲೆ 2,50,000 ಯೆನ್. ಆದರೂ ಜಪಾನಿಗೆಂದು ತೆಗೆದಿಟ್ಟ 3,000 ನಾಯಿಗಳು ಅಂತರ್ಜಾಲದಲ್ಲಿ ಸುಮಾರು 20 ನಿಮಿಷದಲ್ಲಿ ಮಾರಾಟವಾದವು. 2006ರಲ್ಲಿ ಕಂಪನಿ ಉತ್ಪಾದನೆ ನಿಲ್ಲಿಸಿತು. 2014ರಲ್ಲಿ ದುರಸ್ತಿ ಸೇವೆಯನ್ನೂ ಮುಚ್ಚಿತು. ಕಾಲಿನ ಕೀಲು ಸವೆದರೆ, ಬ್ಯಾಟರಿ ಸತ್ತರೆ ಬಿಡಿಭಾಗ ಸಿಗದಂತಾಯಿತು. ಆಗ ‘ಎ-ಫನ್’ ಎಂಬ ಸಣ್ಣ ಸಂಸ್ಥೆ ದುರಸ್ತಿಗೆ ಮುಂದೆ ಬಂತು. ಕೆಟ್ಟುಹೋದ ಒಂದು ಐಬೊದ ಭಾಗ ತೆಗೆದು ಇನ್ನೊಂದಕ್ಕೆ ಹಾಕುವುದು ಅದರ ದಾರಿ. ಹಾಗೆ ಬಿಚ್ಚುವ ಮೊದಲು ಚಿಬಾ ಪ್ರಾಂತ್ಯದ ಇಸುಮಿ ಪಟ್ಟಣದ ಕೋಫುಕುಜಿ ಬೌದ್ಧ ದೇವಾಲಯದಲ್ಲಿ ಅವುಗಳಿಗೆ ಅಂತ್ಯಪೂಜೆ ಸಲ್ಲಿಸುವ ರೂಢಿ 2015ರ ಹೊತ್ತಿಗೆ ಬಂತು.

2018ರ ಜನವರಿಯಲ್ಲಿ ಸೋನಿ ಹೊಸ ಐಬೊ ತಂದಿತು. ಅದರ ಮೈಯಲ್ಲಿ 22 ಚಲನೆಯ ಅಕ್ಷಗಳಿವೆ. ತಲೆ, ಗದ್ದ, ಬೆನ್ನಿನಲ್ಲಿ ಸ್ಪರ್ಶ ಸಂವೇದಕಗಳಿವೆ, ಮೂಗಿನಲ್ಲಿ ಕ್ಯಾಮೆರಾ ಇದೆ. ಸುಮಾರು 2 ಗಂಟೆ ಓಡಾಡಲು ಸುಮಾರು 3 ಗಂಟೆ ಚಾರ್ಜ್ ಬೇಕು. ಚಾರ್ಜ್ ಕಡಿಮೆಯಾದರೆ ತಾನೇ ಚಾರ್ಜಿಂಗ್ ಜಾಗಕ್ಕೆ ಹೋಗಿ ಕೂಡುತ್ತದೆ.

ಮೊದಲ ಅವಧಿ: ಪಟ್ಟಿಯೊಡನೆ ಹೋಲಿಕೆ

ಬೋಧನೋಪಕರಣ ಎರಡೇ: ಐಬೊದ ಚಿತ್ರವಿರುವ ಚಾರ್ಟ್, ಮತ್ತು ಜಾತ್ರೆಯಲ್ಲಿ ಸಿಗುವ, ಸೆಲ್ ಹಾಕಿದರೆ ಬೊಗಳುತ್ತ ನಡೆಯುವ ಆಟಿಕೆ ನಾಯಿ. ಕಪ್ಪುಹಲಗೆಯ ಒಂದು ಕಡೆ ‘ಓಣಿ ನಾಯಿ’, ಇನ್ನೊಂದು ಕಡೆ ‘ರೋಬೋಟ್ ನಾಯಿ’ ಎಂದು ಬರೆದು, ಲಕ್ಷಣಗಳನ್ನು ಮಕ್ಕಳೇ ತುಂಬುವಂತೆ ಮಾಡಿದೆ.

ಚಲನೆ: ಎರಡಕ್ಕೂ ಇದೆ.
ಪ್ರಚೋದನೆಗೆ ಪ್ರತಿಕ್ರಿಯೆ: ಎರಡಕ್ಕೂ ಇದೆ. ತಲೆ ಸವರಿದರೆ ಐಬೊ ಬಾಲ ಆಡಿಸುತ್ತದೆ.
ಉಸಿರಾಟ, ವಿಸರ್ಜನೆ, ಬೆಳವಣಿಗೆ, ಸಂತಾನೋತ್ಪತ್ತಿ: ರೋಬೋಟ್ ನಾಯಿಗೆ ಇಲ್ಲ.
ಆಹಾರ: ಇಲ್ಲಿ ತರಗತಿ ಎರಡಾಯಿತು.

“ಚಾರ್ಜ್ ಮಾಡೂದಂದ್ರ ಊಟನ ಅಲ್ಲೇನ್ರಿ ಅಕ್ಕೋರ?” ಎಂದು ಒಬ್ಬ ಹುಡುಗ ಕೇಳಿದ. ಅಲ್ಲ ಎಂದು ಹೇಳಿ ಮುಂದೆ ಹೋಗುವ ಬದಲು ಮರುಪ್ರಶ್ನೆ ಹಾಕಿದೆ: “ಓಣಿ ನಾಯಿ ಕಾಲಿಗೆ ಗಾಯ ಆದ್ರ ಏನಾಗತೈತಿ?” “ನೆಕ್ಕಿ ನೆಕ್ಕಿ ಮಾಯತೈತ್ರಿ.” “ಆಟಿಕೆ ನಾಯಿ ಕಾಲು ಮುರದ್ರ?” “ಎಷ್ಟ ಸೆಲ್ ಹಾಕಿದ್ರೂ ಹಂಗ ಇರತೈತ್ರಿ.”

ಇಡೀ ಪಾಠದ ತಿರುಳು ಈ ಎರಡು ಉತ್ತರಗಳಲ್ಲಿದೆ. ನಾಯಿ ತಿಂದ ರೊಟ್ಟಿ ಅದಕ್ಕೆ ಶಕ್ತಿಯನ್ನೂ ಕೊಡುತ್ತದೆ, ಅದರ ರಕ್ತ, ಮಾಂಸ, ಚರ್ಮವೂ ಆಗುತ್ತದೆ. ಆದ್ದರಿಂದಲೇ ಮರಿ ಬೆಳೆಯುತ್ತದೆ, ಗಾಯ ಮಾಯುತ್ತದೆ. ವಿದ್ಯುತ್ತು ರೋಬೋಟಿನ ಮೋಟರನ್ನು ತಿರುಗಿಸುತ್ತದೆ ಅಷ್ಟೇ. ಅದರ ಮೈ ಆಗುವುದಿಲ್ಲ. ಸವೆದ ಭಾಗ ಹೊರಗಿನಿಂದಲೇ ಬರಬೇಕು. 2014ರಲ್ಲಿ ದುರಸ್ತಿ ನಿಂತಾಗ ಹಳೆಯ ಐಬೊಗಳ ಒಡೆಯರು ಕಂಗಾಲಾದದ್ದಕ್ಕೆ ಕಾರಣ ಇದೇ.

ಹೊಳೆ ಬಂದ ಕಥೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಮನೆಯವರು ಹೇಳುವ ಆ ದಿನಗಳ ಕಥೆಯನ್ನು ಒಬ್ಬ ಹುಡುಗಿ ತಂದಳು: “ನಮ್ಮ ನಾಯಿ ಹಗ್ಗ ಬಿಚ್ಚಿ ಬಿಟ್ಟು ಹೋಗಿದ್ರಂತ್ರಿ. ಎಂಟ ದಿನಕ್ಕ ತಾನ ಮನೀಗೆ ಬಂದಿತ್ತಂತ. ಈ ನಾಯಿ ಬರತಿತ್ತೇನ್ರಿ?”

ತರಗತಿ ಇದನ್ನು ಚರ್ಚಿಸಿತು. ಐಬೊ ಕೋಣೆಯೊಳಗೆ ತನ್ನ ಚಾರ್ಜಿಂಗ್ ಜಾಗ ಹುಡುಕಬಲ್ಲದು. ಆದರೆ ಕರೆಂಟ್ ಇಲ್ಲದ ಊರಲ್ಲಿ, ಕೆಸರಲ್ಲಿ, ಎಂಟು ದಿನ? ಓಣಿ ನಾಯಿ ಎಲ್ಲೋ ಏನೋ ತಿಂದು, ಮೈ ಕಾಯ್ದುಕೊಂಡು ಬಂದಿತ್ತು. ತನ್ನನ್ನು ತಾನೇ ಕಾಪಾಡಿಕೊಳ್ಳುವುದು ಜೀವಿಯ ಗುಣ ಎಂಬುದು ಪಟ್ಟಿಯಿಂದ ಅಲ್ಲ, ಈ ಕಥೆಯಿಂದ ಮಕ್ಕಳಿಗೆ ಸ್ಪಷ್ಟವಾಯಿತು.

ಎರಡನೆಯ ಅವಧಿ: ಪಟ್ಟಿಗೆ ಸಿಗದ ಪ್ರಶ್ನೆ

ಕೋಫುಕುಜಿ ದೇವಾಲಯದ ವಿಷಯ ಹೇಳಿದಾಗ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: “ಜೀವಾನ ಇಲ್ಲಂದ್ರ ಗುಡಿಯೊಳಗ ಪೂಜಿ ಯಾಕ ಮಾಡ್ಸಿದ್ರ್ರಿ?” ಇನ್ನೊಬ್ಬ ನಕ್ಕು, “ಯಂತ್ರಕ್ಕ ಅಳತಾರ, ಹುಚ್ಚರು” ಎಂದ. ತರಗತಿಯೂ ನಕ್ಕಿತು. ಹಿಂದಿನ ದಿನ ತನ್ನ ನಾಯಿಯ ಕಥೆ ಹೇಳಿದ್ದ ಹುಡುಗಿ ಮಾತ್ರ ನಗಲಿಲ್ಲ. “ಮಣ್ಣೆತ್ತಿಗೆ ನಾವು ಪೂಜಿ ಮಾಡೂದಿಲ್ಲೇನು?” ಎಂದಳು.

ನಗು ನಿಂತಿತು. ನಮ್ಮ ಭಾಗದಲ್ಲಿ ಕಾರಹುಣ್ಣಿಮೆಗೆ ಜೀವಂತ ಎತ್ತುಗಳನ್ನು ಸಿಂಗರಿಸಿ ಪೂಜಿಸುತ್ತಾರೆ. ಅದರ ಹಿಂದೆಯೇ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಪೂಜಿಸುತ್ತಾರೆ. ಮಣ್ಣೆತ್ತು ಮೇವು ತಿನ್ನುವುದಿಲ್ಲ ಎಂದು ಪ್ರತಿ ಮಗುವಿಗೂ ಗೊತ್ತು. ಆದರೂ ಅದನ್ನು ಕಾಲಲ್ಲಿ ಒದೆಯುವುದಿಲ್ಲ.

ಆಗ ಕಪ್ಪುಹಲಗೆಯ ಮೇಲೆ ಎರಡು ವಾಕ್ಯ ಬರೆದೆ: ‘ನಾಯಿಗೆ ಜೀವ ಐತಿ.’ ‘ನಾಯಿ ಮ್ಯಾಲ ಜೀವ ಐತಿ.’ ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ. ಮೊದಲನೆಯ ಜೀವ ನಾಯಿಯ ಮೈಯಲ್ಲಿದೆ. ಅದನ್ನು ವಿಜ್ಞಾನ ಪರೀಕ್ಷಿಸುತ್ತದೆ. ಎರಡನೆಯದು ಸಾಕಿದವರ ಮನಸ್ಸಿನಲ್ಲಿದೆ. ಐಬೊಗೆ ಮೊದಲನೆಯದು ಇಲ್ಲ, ಅದರ ಒಡೆಯರಲ್ಲಿ ಎರಡನೆಯದು ಇತ್ತು. ಮಕ್ಕಳು ಇದನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ತಮ್ಮದೇ ಮಾತಿನಲ್ಲಿ ಬರೆದರು.

ವಿಶ್ಲೇಷಣೆ

ಚಲಿಸುವ ವಸ್ತುಗಳಿಗೆ ಚಿಕ್ಕ ಮಕ್ಕಳು ಜೀವ ಆರೋಪಿಸುತ್ತಾರೆ ಎಂದು ಪಿಯಾಜೆ ಗುರುತಿಸಿದ್ದನ್ನು ಮನೋವಿಜ್ಞಾನದಲ್ಲಿ ಓದಿದ್ದೇವೆ. ಆದರೆ ಮೇಲಿನ ಪ್ರಶ್ನೆ ಆ ಬಗೆಯದಲ್ಲ. ಆ ಮಗುವಿಗೆ ಸಜೀವಿ ಯಾವುದು ಎಂಬ ಗೊಂದಲ ಇರಲಿಲ್ಲ. ನಿರ್ಜೀವವಾದದ್ದಕ್ಕೆ ಮನುಷ್ಯರು ಯಾಕೆ ದುಃಖಪಡುತ್ತಾರೆ ಎಂಬುದು ಅದರ ಕುತೂಹಲವಾಗಿತ್ತು. ‘ಅದು ಯಂತ್ರ, ಅಷ್ಟೇ’ ಎಂದರೆ ವಿಜ್ಞಾನದ ಉತ್ತರ ಸರಿಯಾಗಿಯೇ ಇರುತ್ತದೆ, ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಜೊತೆಗೆ ಪ್ರೀತಿಸುವುದೇ ಅಜ್ಞಾನ ಎಂಬ ಭಾವನೆ ಮಗುವಿನಲ್ಲಿ ಉಳಿಯುತ್ತದೆ.

ಅಮೆರಿಕದಲ್ಲಿ ಪೀಟರ್ ಕಾನ್ ಮತ್ತು ಸಂಗಡಿಗರು 80 ಶಾಲಾಪೂರ್ವ ಮಕ್ಕಳಿಗೆ ಐಬೊ ಮತ್ತು ಬಟ್ಟೆಯ ನಾಯಿ ಎರಡನ್ನೂ ಕೊಟ್ಟು ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕೇಳಿದಾಗ ಮಕ್ಕಳು ಎರಡರ ಬಗ್ಗೆಯೂ ಹೆಚ್ಚುಕಡಿಮೆ ಒಂದೇ ರೀತಿ ಉತ್ತರಿಸಿದರು. ಆಟದಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಬಟ್ಟೆಯ ನಾಯಿಯನ್ನು ಹೆಚ್ಚು ಒರಟಾಗಿ ಎಳೆದಾಡಿದರು. ಮಗುವಿನ ತಿಳಿವಳಿಕೆಯನ್ನು ಅದರ ಮಾತಿನಿಂದ ಮಾತ್ರ ಅಳೆಯಬಾರದು ಎಂಬ ಪಾಠ ನಮಗೆ ಇದರಲ್ಲಿದೆ.

ಮೌಲ್ಯಮಾಪನ

ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ 2024ರಲ್ಲಿ ‘ವೀರಭದ್ರ’ ಎಂಬ ಯಾಂತ್ರಿಕ ಆನೆ ಬಂದಿದೆ. ಅದನ್ನೇ ಹೊಸ ಸನ್ನಿವೇಶವಾಗಿ ಕೊಟ್ಟು ಮೂರು ಪ್ರಶ್ನೆ ಕೇಳಿದೆ: ಇದು ಸಜೀವಿಯೇ, ಯಾಕೆ? ಇದರ ಮೈಯಲ್ಲಿ ಒಂದು ಭಾಗ ಕೆಟ್ಟರೆ ಏನಾಗುತ್ತದೆ? ಜೀವಂತ ಆನೆಗೆ ಇದರಿಂದ ಯಾವ ಕಷ್ಟ ತಪ್ಪುತ್ತದೆ? ಮೂರನೆಯದಕ್ಕೆ ಬಂದ ಉತ್ತರಗಳಲ್ಲಿ ಒಂದು: “ಸರಪಳಿ ಕಟ್ಟಿದ್ರ ಇದಕ್ಕ ನೋವಾಗೂದಿಲ್ಲ.” ನೋವು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಮರುದಿನ ಅದನ್ನೂ ಸೇರಿಸಿ, ಎಲ್ಲ ಜೀವಿಗಳಿಗೂ ನೋವಾಗುತ್ತದೆಯೇ, ಗಿಡಕ್ಕೆ ಆಗುತ್ತದೆಯೇ ಎಂದು ಚರ್ಚೆ ಮುಂದುವರಿಸಿದೆವು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ರೋಬೋಟ್ ಬೇಕಿಲ್ಲ. ಸೆಲ್ ಹಾಕುವ ಆಟಿಕೆ ಸಾಕು. ಚಲನೆ, ಪ್ರತಿಕ್ರಿಯೆಗಳಲ್ಲಿ ನಿಲ್ಲದೆ ಗಾಯ ಮಾಯುವ ಪ್ರಶ್ನೆಗೆ ತರಗತಿಯನ್ನು ಕರೆದೊಯ್ಯಿರಿ. ಮಗು ಯಾವ ‘ಜೀವ’ದ ಬಗ್ಗೆ ಕೇಳುತ್ತಿದೆ ಎಂದು ಮೊದಲು ತಿಳಿದುಕೊಂಡು ಆಮೇಲೆ ಉತ್ತರಿಸಿರಿ. ಮನೆಗೆಲಸಕ್ಕೆ ನಾನು ಕೊಟ್ಟದ್ದು ಒಂದೇ ಪ್ರಶ್ನೆ: ‘ರೋಬೋಟ್ ನಾಯಿಯನ್ನು ಕೊಳ್ಳಬಹುದು, ಅದನ್ನು ಸಾಕಬಹುದೇ?’ ನಿಮ್ಮ ತರಗತಿಯಲ್ಲೂ ಕೇಳಿ ನೋಡಿರಿ. ‘ಹೌದು’ ಎಂದವರಿಗೂ ‘ಇಲ್ಲ’ ಎಂದವರಿಗೂ ಕಾರಣ ಕೊಡಲು ಅವಕಾಶ ಇರಲಿ.