ಗೂಟ ಒಂದು, ರಿಂಗ್ ಎರಡು

ನೆಲದಲ್ಲಿ ಒಂದು ಗೂಟ ನೆಟ್ಟಿದೆ. ನೀವು ಹತ್ತು ಹನ್ನೆರಡು ಹೆಜ್ಜೆ ಆಚೆ ನಿಂತಿದ್ದೀರಿ. ಕೈಯಲ್ಲಿರುವ ರಿಂಗ್ ಹಾರಿ ಹೋಗಿ ಆ ಗೂಟದ ಸುತ್ತ ಬೀಳಬೇಕು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಈ ಆಟವನ್ನು ಕ್ವಾಯ್ಟ್ಸ್ ಅನ್ನುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಹೆಸರು ಹೊಸದಿರಬಹುದು, ಆಟ ಪೂರ್ತಿ ಹೊಸದಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ ಕಲಬುರಗಿಯಲ್ಲಿ ನಡೆಯುವ ಶರಣಬಸವೇಶ್ವರ ಜಾತ್ರೆಗೆ ಹೋದ ಮಕ್ಕಳು ಅಲ್ಲಿನ ಅಂಗಡಿ ಸಾಲು ನೋಡಿಯೇ ಇರುತ್ತಾರೆ. ಜಾತ್ರೆಗಳಲ್ಲಿ ಹಲಗೆಯ ಮೇಲೆ ಸಾಬೂನು, ಗೊಂಬೆ, ಡಬ್ಬಿ ಜೋಡಿಸಿಟ್ಟು, ರಿಂಗ್ ಯಾವುದರ ಮೇಲೆ ಬಿತ್ತೋ ಅದು ನಿಮ್ಮದು ಅನ್ನುವ ಅಂಗಡಿ ಇದ್ದೇ ಇರುತ್ತದೆ. ಶಾಲೆಯ ಮೈದಾನದಲ್ಲಿ ನೆಟ್‌ನ ಆಚೆ ಈಚೆ ರಬ್ಬರ್ ರಿಂಗ್ ಎಸೆದು ಹಿಡಿಯುವ ಟೆನಿಕ್ವಾಯ್ಟ್ ಕೂಡ ಇದೇ ವಂಶದ್ದು.

ಭೂಸನೂರಿನಂಥ ಊರಿನಲ್ಲಿ ಇದ್ದ ಸಾಮಾನಿನಲ್ಲೇ ಈ ಆಟ ಕಲಿಯಬೇಕು ಅನ್ನುವ ಹುಡುಗ ಹುಡುಗಿಯರಿಗಾಗಿ, ಅವರಿಗೆ ಕಲಿಸಬೇಕೆನ್ನುವ ಹಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ತಿಳಿದಿರಲಿ: ಈ ಆಟದಲ್ಲಿ ತೋಳಿನ ಬಲಕ್ಕೆ ಕೆಲಸ ಕಡಿಮೆ. ರಿಂಗ್ ಹೇಗೆ ತಿರುಗುತ್ತಾ ಹೋಗುತ್ತದೆ, ಹೇಗೆ ಇಳಿಯುತ್ತದೆ, ಇಳಿದ ಮೇಲೆ ನೆಲ ಅದನ್ನು ಹೇಗೆ ಹಿಡಿದುಕೊಳ್ಳುತ್ತದೆ ಅನ್ನುವ ಮೂರರಲ್ಲೇ ಎಲ್ಲವೂ ಇದೆ.

ಜಾತ್ರೆಯ ಅಂಗಡಿಯಿಂದಲೇ ಶುರು ಮಾಡೋಣ. ಅಲ್ಲಿ ಯಾಕೆ ಅಷ್ಟು ಸಲ ತಪ್ಪುತ್ತದೆ? ರಿಂಗ್ ಗಟ್ಟಿ, ಹಲಗೆಯೂ ಗಟ್ಟಿ. ಎರಡೂ ಗಟ್ಟಿಯಾದಾಗ ಬಿದ್ದದ್ದು ಪುಟಿಯುತ್ತದೆ. ಜೊತೆಗೆ ರಿಂಗಿನ ಒಳಅಳತೆ ಇಟ್ಟ ಸಾಮಾನಿಗಿಂತ ಸ್ವಲ್ಪ ಮಾತ್ರ ದೊಡ್ಡದಿರುತ್ತದೆ, ಓರೆಯಾಗಿ ಬಂದರೆ ಒಳಗೆ ಹೊಗುವುದೇ ಇಲ್ಲ. ಎಸೆಯುವವರು ಬಹುತೇಕ ಮುಂದಕ್ಕೆ ಬಾಗಿ, ಕೈ ಚಾಚಿ, ನೇರವಾಗಿ ತಳ್ಳುತ್ತಾರೆ. ಹಾಗೆ ತಳ್ಳಿದ ರಿಂಗ್ ತಗ್ಗಿನಲ್ಲಿ ಹಾರಿ ಸಾಮಾನಿಗೆ ತಗುಲಿ ಜಾರಿ ಹೋಗುತ್ತದೆ. ಈ ತಪ್ಪುಗಳನ್ನು ತಿರುಗಿಸಿ ಹಾಕಿದರೆ ನಮ್ಮ ಪಾಠ ಸಿಗುತ್ತದೆ: ನೆಲ ಮೆತ್ತಗಿರಲಿ, ರಿಂಗಿನ ತೂತು ಗೂಟಕ್ಕಿಂತ ನಾಲ್ಕೈದು ಪಟ್ಟು ಅಗಲವಿರಲಿ, ರಿಂಗ್ ಎತ್ತರಕ್ಕೆ ಹೋಗಿ ಇಳಿಯಲಿ.

ಈಗ ತಿರುಗುವ ವಿಷಯ. ತಿರುಗುವ ಬುಗರಿ ಸಣ್ಣ ಮೊಳೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ, ತಿರುಗು ಕಡಿಮೆಯಾದ ಕೂಡಲೇ ಓಲಾಡಿ ಬೀಳುತ್ತದೆ. ರಿಂಗಿನ ಗುಟ್ಟೂ ಅದೇ. ತಿರುಗುತ್ತಿರುವ ವಸ್ತು ತನ್ನ ಅಕ್ಷವನ್ನು ಸುಲಭವಾಗಿ ಬದಲಿಸುವುದಿಲ್ಲ. ಕೈಬಿಡುವಾಗ ಮಣಿಕಟ್ಟಿನಿಂದ ಒಂದು ತಿರುವು ಕೊಟ್ಟರೆ ರಿಂಗ್ ಹೊರಟಾಗ ಹೇಗೆ ಚಪ್ಪಟೆಯಾಗಿತ್ತೋ ಬೀಳುವವರೆಗೂ ಹಾಗೆಯೇ ಇರುತ್ತದೆ. ತಿರುವು ಇಲ್ಲದ ರಿಂಗ್ ಗಾಳಿಯಲ್ಲಿ ಮಗುಚಿ, ಅಂಚಿನ ಮೇಲೆ ಬಿದ್ದು, ಎಲ್ಲಿಗೋ ಉರುಳುತ್ತದೆ. ಸಿಖ್ ಯೋಧರು ಯುದ್ಧದಲ್ಲಿ ಎಸೆಯುತ್ತಿದ್ದ ಉಕ್ಕಿನ ಚಕ್ರಗಳು ದೂರಕ್ಕೆ ಗುರಿ ತಪ್ಪದೆ ಹೋಗುತ್ತಿದ್ದದ್ದೂ ಈ ತಿರುಗಿನಿಂದಲೇ.

ಹಿಡಿಯುವುದು ಹೀಗೆ. ಅಂಗೈ ಮೇಲ್ಮುಖವಾಗಿರಲಿ. ಹೆಬ್ಬೆರಳು ರಿಂಗಿನ ಮೇಲೆ, ಉಳಿದ ಬೆರಳುಗಳು ಕೆಳಗೆ, ತೋರುಬೆರಳು ಹೊರ ಅಂಚಿನ ಉದ್ದಕ್ಕೆ. ಬಿಗಿಯಾಗಿ ಹಿಡಿಯಬೇಡಿ. ಬಲಗೈಯವರು ಎಡಗಾಲನ್ನು, ಎಡಗೈಯವರು ಬಲಗಾಲನ್ನು ಮುಂದಿಡಬೇಕು. ಮೊಣಕಾಲು ಸ್ವಲ್ಪ ಬಾಗಿಸಿ, ತೋಳನ್ನು ಭುಜದಿಂದ ಹಿಂದಕ್ಕೆ ಮುಂದಕ್ಕೆ ಒಂದೆರಡು ಸಲ ತೂಗಿ, ಕೈ ಸೊಂಟ ದಾಟಿ ಎದೆಯ ಮಟ್ಟಕ್ಕೆ ಬರುವಾಗ ಬಿಡಬೇಕು. ಕೊನೆಗೆ ರಿಂಗನ್ನು ಬಿಡುವುದು ತೋರುಬೆರಳು. ತಿರುವು ಹುಟ್ಟುವುದು ಅಲ್ಲೇ.

ಮೊದಲ ದಿನವೇ ಗೂಟ ನೆಡಬೇಡಿ. ಇಬ್ಬರು ಎದುರುಬದುರು ನಿಂತು, ಒಬ್ಬರ ಕಾಲ ಮುಂದೆ ಇನ್ನೊಬ್ಬರು ಎಸೆಯಿರಿ. ರಿಂಗಿನ ಒಂದು ಜಾಗಕ್ಕೆ ಸುಣ್ಣವೋ ಬಣ್ಣವೋ ಹಚ್ಚಿಕೊಳ್ಳಿ. ಆ ಗುರುತು ಗಾಳಿಯಲ್ಲಿ ಒಂದೇ ಮಟ್ಟದಲ್ಲಿ ಸುತ್ತುತ್ತಿದ್ದರೆ ಎಸೆತ ಸರಿ. ಮೇಲೆ ಕೆಳಗೆ ಕುಣಿಯುತ್ತಿದ್ದರೆ ಮಣಿಕಟ್ಟು ವಾಲಿದೆ ಅಂತ ಅರ್ಥ. ಮಕ್ಕಳಿಗೆ ಮಾತಿನಲ್ಲಿ ಎಷ್ಟು ತಿದ್ದಿದರೂ ಹತ್ತದ್ದು ಈ ಗುರುತಿನಿಂದ ತಾನಾಗಿ ಹತ್ತುತ್ತದೆ. ಗೂಟ ಮುಂದೆ ಇದ್ದರೆ ಅವರ ಕಣ್ಣೆಲ್ಲ ಗೂಟದ ಮೇಲೆ, ಕೈಯ ಕಡೆ ಗಮನ ಹೋಗುವುದೇ ಇಲ್ಲ.

ಎಷ್ಟು ಎತ್ತರಕ್ಕೆ ಎಸೆಯಬೇಕು ಅನ್ನುವುದು ಹೊಸಬರ ಎರಡನೆಯ ಪ್ರಶ್ನೆ. ನೆಲಕ್ಕೂ ನೆತ್ತಿಗೂ ನಟ್ಟನಡುವಿನ ಕೋನ, ಅಂದರೆ ಸುಮಾರು 45 ಡಿಗ್ರಿ ಇಟ್ಟುಕೊಳ್ಳಿ. ಅದಕ್ಕೆ ಎರಡು ಕಾರಣ. ಆ ಕೋನದಲ್ಲಿ ಕಡಿಮೆ ಬಲಕ್ಕೆ ಹೆಚ್ಚು ದೂರ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅಲ್ಲಿ ಕೋನ ಸ್ವಲ್ಪ ಹೆಚ್ಚುಕಮ್ಮಿಯಾದರೂ ರಿಂಗ್ ಬೀಳುವ ದೂರ ಅಷ್ಟಾಗಿ ಬದಲಾಗುವುದಿಲ್ಲ. ತಗ್ಗಾಗಿ ಎಸೆದಾಗ ಕೋನದಲ್ಲಿ ಕೂದಲಷ್ಟು ತಪ್ಪಿದರೂ ರಿಂಗ್ ಒಂದು ಮೊಳ ಆಚೆ ಹೋಗಿಬಿಡುತ್ತದೆ. ಕಲಿಯುವ ಕೈ ತಪ್ಪುವ ಕೈ. ಆ ತಪ್ಪನ್ನು ಮನ್ನಿಸುವ ದಾರಿ ಇರುವಾಗ ಅದನ್ನೇ ಹಿಡಿಯೋಣ.

ಇನ್ನು ನೆಲ. ಇಲ್ಲಿ ನಮ್ಮ ಕಡೆಯವರ ಪುಣ್ಯ ದೊಡ್ಡದು. ಭೂಸನೂರು ಅಂದರೆ ಹೊರಗಿನವರಿಗೆ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ, ಕಲಬುರಗಿ ಅಂದರೆ ತೊಗರಿ. ಆ ಬೆಳೆ ಹೊತ್ತು ನಿಂತಿರುವ ಎರಿ ಮಣ್ಣಿನ ಬಗ್ಗೆ ಆಟದ ಮಾತಿನಲ್ಲಿ ಯಾರೂ ಯೋಚಿಸುವುದಿಲ್ಲ. ಕ್ವಾಯ್ಟ್ಸ್ ಬೆಳೆದದ್ದೇ ಜಿಗುಟು ಮಣ್ಣಿನಲ್ಲಿ. ಉತ್ತರ ಇಂಗ್ಲೆಂಡಿನಲ್ಲಿ ಗೂಟದ ಸುತ್ತ ಸುಮಾರು ಮೂರು ಅಡಿ ಚೌಕದ ಗುಂಡಿ ತೋಡಿ, ಜೇಡಿ ತುಂಬಿ, ಅದನ್ನು ಒಣಗಲು ಬಿಡದೆ ಕಾಯುತ್ತಾರೆ. ಕಬ್ಬಿಣದ ರಿಂಗ್ ಅದರಲ್ಲಿ ಬಿದ್ದರೆ ಬಿದ್ದಲ್ಲೇ ಕಚ್ಚಿ ಕೂರುತ್ತದೆ. ಮುರುಮು ಹಾಕಿ ರೋಲರ್ ಓಡಿಸಿದ ಮೈದಾನದಲ್ಲಿ ಅದೇ ರಿಂಗ್ ಜಿಗಿದು ಜಾರುತ್ತದೆ, ಚೆನ್ನಾಗಿ ಎಸೆದವರಿಗೂ ಅನ್ಯಾಯವಾಗುತ್ತದೆ.

ಎರಿ ಮಣ್ಣಿನ ಸ್ವಭಾವ ರೈತರ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಆಟ ಕಷ್ಟ, ಕಾಲಿಗೆ ಎರಡು ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ. ತೊಗರಿ ರಾಶಿ ಮುಗಿದ ಮೇಲಿನ ದಿನಗಳು ಒಳ್ಳೆಯವು. ಒಂದು ಮೀಟರ್ ಚೌಕ, ಒಂದು ಗೇಣು ಆಳ ಅಗೆಯಿರಿ. ಕಲ್ಲು, ಬೇರು ಆರಿಸಿ ತೆಗೆಯಿರಿ. ನೀರು ಚಿಮುಕಿಸಿ, ತುಳಿದು, ಮತ್ತೆ ತುಂಬಿ ಮಟ್ಟ ಮಾಡಿ. ಹದ ನೋಡುವುದು ಸುಲಭ: ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯಬೇಕು, ಬೆರಳಿಗೆ ಮಣ್ಣು ಹತ್ತಬಾರದು. ಆಟ ಮುಗಿದ ಮೇಲೆ ಒದ್ದೆ ಗೋಣಿ ತಟ್ಟು ಹೊದಿಸಿಟ್ಟರೆ ಮರುದಿನಕ್ಕೆ ಹದ ಇರುತ್ತದೆ. ಇದೇ ಮಣ್ಣಿನ ಇನ್ನೊಂದು ಅಂಕಣ ಎದುರಿಗೆ ಬೇಕು, ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೂಲ ಆಟದ ಅಳತೆ ಕೇಳಿದರೆ ಹೊಸಬರು ಬೆಚ್ಚಿಬೀಳುತ್ತಾರೆ. ಉತ್ತರ ಇಂಗ್ಲೆಂಡಿನ ಪದ್ಧತಿಯಲ್ಲಿ ಎರಡು ಗೂಟಗಳ ನಡುವೆ 11 ಗಜ, ಅಂದರೆ ಸುಮಾರು 10 ಮೀಟರ್. ಕಬ್ಬಿಣದ ರಿಂಗ್ ಒಂದರ ತೂಕ ಸುಮಾರು 2.4 ಕಿಲೋ. ಗೂಟ ಮಣ್ಣಿನಿಂದ ಮೇಲೆ ಕಾಣುವುದು 3 ಇಂಚು ಮಾತ್ರ. ಸ್ಕಾಟ್ಲೆಂಡ್, ವೇಲ್ಸ್ ಕಡೆ ಆಡುವ ಉದ್ದ ಆಟದಲ್ಲಿ ದೂರ 18 ಗಜ, ಗೂಟದ ತಲೆ ಮಣ್ಣಿನ ಮಟ್ಟದಲ್ಲೇ ಇರುತ್ತದೆ, ಎಲ್ಲಿದೆ ಅಂತ ತಿಳಿಯಲು ಕಾಗದದ ಚೂರು ಇಡುತ್ತಾರೆ. ಗಣಿ ಕೆಲಸಗಾರರು, ಕಬ್ಬಿಣದ ಕೆಲಸದವರು ಸಂಜೆ ಹೊತ್ತು ಆಡುತ್ತಿದ್ದ ಆಟ ಇದು. ಯಾರ್ಕ್‌ಷೈರ್‌ನ ಬೆಕ್ ಹೋಲ್ ಎಂಬ ಪುಟ್ಟ ಹಳ್ಳಿಯಲ್ಲಿ ಊರ ನಡುವಿನ ಹುಲ್ಲುಗಾವಲೇ ಇದರ ಅಂಕಣ. ಹಿಂದೆ ಇಂಗ್ಲೆಂಡಿನ ದೊರೆಗಳಿಗೆ ಈ ಆಟದ ಮೇಲೆ ಸಿಟ್ಟಿತ್ತು. 1388ರಲ್ಲಿ ಎರಡನೆಯ ರಿಚರ್ಡ್‌ನ ಕಾಲದ ಕಾನೂನು ಆಳುಗಳೂ ಕೂಲಿಗಳೂ ಇಂಥ ಆಟ ಬಿಟ್ಟು ಬಿಲ್ಲುವಿದ್ಯೆ ಕಲಿಯಲಿ ಎಂದು ವಿಧಿಸಿತು. ದುಡಿಯುವ ಜನ ಬಿಡಲಿಲ್ಲ.

ಅಮೆರಿಕದಲ್ಲಿ ರಿಂಗಿನ ಬದಲು ಕುದುರೆ ಲಾಳ ಎಸೆಯುತ್ತಾರೆ. ಅಲ್ಲಿ ಗೂಟಗಳ ನಡುವೆ 40 ಅಡಿ. ನಮ್ಮೂರಲ್ಲಿ ಲಾಳ ಸಿಗುತ್ತದಲ್ಲ ಅಂತ ಯಾರಾದರೂ ಎತ್ತಿನ ಲಾಳ ತಂದಾರು. ಅದು ನಡೆಯದು. ಎತ್ತಿನ ಗೊರಸು ಸೀಳು ಗೊರಸು, ಅದರ ಲಾಳ ಎರಡು ಬೇರೆ ಬೇರೆ ತುಂಡು, ಗೂಟವನ್ನು ತಬ್ಬುವ ಆಕಾರ ಅದಕ್ಕಿಲ್ಲ.

ಮಕ್ಕಳ ಕೈಗೆ ಕಬ್ಬಿಣದ ರಿಂಗ್ ಕೊಡಲೇಬೇಡಿ. ಎರಡು ಕಿಲೋ ಕಬ್ಬಿಣ ಕಾಲ ಮೇಲೆ ಬಿದ್ದರೆ ಬೆರಳು ಉಳಿಯುವುದಿಲ್ಲ. ದೊಡ್ಡವರು ಆಡುವಾಗಲೂ ನೋಡುವವರು ಎಸೆಯುವವರ ಹಿಂದೆಯೇ ನಿಲ್ಲಬೇಕು, ಗೂಟದ ಪಕ್ಕ ಯಾರೂ ಇರಕೂಡದು. ಮಕ್ಕಳಿಗೆ ಹಗ್ಗದ ರಿಂಗ್ ಸಾಕು, ಅದಕ್ಕೂ ಹಳೆಯ ಮರ್ಯಾದೆ ಇದೆ. ಹಡಗಿನ ಅಟ್ಟದ ಮೇಲೆ ಕಬ್ಬಿಣ ಎಸೆಯಲಾಗದೆ ನಾವಿಕರು, ಪ್ರಯಾಣಿಕರು ಆಡಿದ್ದು ಹಗ್ಗದ ರಿಂಗಿನಲ್ಲೇ.

ಮಾಡುವ ವಿಧಾನ ಚೆಂದದ್ದು. ನಮ್ಮ ಹೊಲದ ಬದುವಿನ ಪುಂಡಿ ಗಿಡವನ್ನು ಪಲ್ಯಕ್ಕೆ ಮಾತ್ರವಲ್ಲ, ನಾರಿಗೂ ಬೆಳೆಸುತ್ತಿದ್ದರು. ಕಟ್ಟಿಗೆಯನ್ನು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಹಗ್ಗ ಹೊಸೆಯುವುದು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿ ಮಕ್ಕಳನ್ನು ಕೂರಿಸಿ. ಹೆಬ್ಬೆರಳು ದಪ್ಪದ ಮೂರೆಳೆ ಹಗ್ಗದಿಂದ ಎರಡು ಮೀಟರ್ ಉದ್ದದ ಒಂದೇ ಎಳೆಯನ್ನು, ಅದರ ಹುರಿ ಕೆಡದಂತೆ ಬಿಚ್ಚಿ ತೆಗೆಯಿರಿ. ಅದನ್ನು ಒಂದು ಗೇಣಿಗಿಂತ ತುಸು ಚಿಕ್ಕ ಬಳೆಯಾಗಿ ಸುತ್ತಿ, ಉಳಿದ ಉದ್ದವನ್ನು ಅದೇ ಹುರಿಯ ಸಂದಿನಲ್ಲಿ ಕೂರಿಸುತ್ತಾ ಇನ್ನೂ ಎರಡು ಸುತ್ತು ತನ್ನಿ. ಒಂದೇ ಎಳೆ ಮೂರು ಸುತ್ತು ಬಂದಾಗ ಮತ್ತೆ ಮೂರೆಳೆಯ ಹಗ್ಗವೇ ಆಗುತ್ತದೆ, ಈ ಸಲ ತುದಿಯಿಲ್ಲದ ಹಗ್ಗ. ಎರಡು ಕೊನೆಗಳನ್ನು ಒಂದು ಗಂಟು ಹಾಕಿ ಎಳೆಗಳ ಒಳಗೆ ತೂರಿಸಿ ಬಿಗಿಯಿರಿ. ಸಂತೆಯ ನೈಲಾನ್ ಹಗ್ಗದಲ್ಲೂ ಆಗುತ್ತದೆ, ಆದರೆ ಅದು ಹಗುರ, ಪುಟಿಯುವುದು ಜಾಸ್ತಿ. ನಾರಿನ ರಿಂಗನ್ನು ಸ್ವಲ್ಪ ಒದ್ದೆ ಮಾಡಿದರೆ ತೂಕವೂ ಬರುತ್ತದೆ. ಗೂಟಕ್ಕೆ ಜಾಲಿ ಕಟ್ಟಿಗೆ ಒಳ್ಳೆಯದು. ಹೆಬ್ಬೆರಳು ದಪ್ಪ, ನೆಲದಿಂದ ಒಂದು ಗೇಣು ಎತ್ತರ, ತುದಿ ಚೂಪಾಗಿರದಂತೆ ಉಜ್ಜಿ ಗುಂಡಗೆ ಮಾಡಿರಿ. ಚಿಕ್ಕವರಿಗೆ ಮೂರು ಮೀಟರ್ ದೂರದಿಂದ ಶುರುವಾಗಲಿ. ಹತ್ತು ಎಸೆತಕ್ಕೆ ಮೂರು ಸಲ ಗೂಟಕ್ಕೆ ಬೀಳತೊಡಗಿದರೆ ಒಂದು ಹೆಜ್ಜೆ ಹಿಂದೆ ಸರಿಸಿ.

ಕೈ ಕುದುರಿದ ಮೇಲೆ ಟೆನಿಕ್ವಾಯ್ಟ್ ಹತ್ತಿರವಾಗುತ್ತದೆ. ಹಡಗಿನಲ್ಲಿ ನೆಟ್ ಕಟ್ಟಿ ರಿಂಗ್ ಆಡುವುದನ್ನು ಕಂಡು 1920ರ ದಶಕದಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಹರ್ಮನ್ ಶ್ನೈಡರ್ ಅದನ್ನು ದಡಕ್ಕೆ ತಂದರು. ಭಾರತದಲ್ಲಿ ಅದು ಶಾಲೆಗಳ ಆಟವಾಗಿ ಹರಡಿತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 2006ರಲ್ಲಿ ನಡೆದದ್ದು ಚೆನ್ನೈಯಲ್ಲಿ. ಅಂಕಣದ ಉದ್ದ 12.2 ಮೀಟರ್, ಡಬಲ್ಸ್‌ಗೆ ಅಗಲ 5.5 ಮೀಟರ್. ಬಂದ ರಿಂಗನ್ನು ಒಂದೇ ಕೈಯಲ್ಲಿ ಹಿಡಿದು, ಕೈ ಬದಲಿಸದೆ, ತಡಮಾಡದೆ ಹಿಂತಿರುಗಿಸಬೇಕು. ಖರ್ಚು ಒಂದು ರಿಂಗ್, ಒಂದು ನೆಟ್. ಹೆಣ್ಣುಮಕ್ಕಳು ಹೆಚ್ಚಾಗಿ ಮೈದಾನಕ್ಕಿಳಿಯುವ ಆಟಗಳಲ್ಲಿ ಇದೂ ಒಂದು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಗೂಟದ ಆಟದಲ್ಲಿ ಕಲಿತ ಮಣಿಕಟ್ಟಿನ ತಿರುವು ಅಲ್ಲಿ ಹಾಗೆಯೇ ಕೆಲಸಕ್ಕೆ ಬರುತ್ತದೆ.

ಕೊನೆಗೆ ಲೆಕ್ಕ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೆ ಎರಡು ರಿಂಗ್. ಗೂಟದ ಸುತ್ತ ಬಿದ್ದ ರಿಂಗಿಗೆ 2 ಅಂಕ. ಯಾವುದೂ ಗೂಟಕ್ಕೆ ಬೀಳದಿದ್ದರೆ ಸಮೀಪದ್ದಕ್ಕೆ 1. ಇಬ್ಬರದೂ ಗೂಟಕ್ಕೆ ಬಿದ್ದಿದ್ದರೆ ಮೇಲಿರುವ ರಿಂಗಿಗೆ ಮಾತ್ರ ಅಂಕ, ಕೆಳಗಿನದು ಸತ್ತಂತೆ. ಮೊದಲು 21 ಮಾಡಿದವರು ಗೆದ್ದರು. ಹೊಸಬರು 11ಕ್ಕೆ ನಿಲ್ಲಿಸಬಹುದು. ಜಗಳ ಬರುವುದು ಸಮೀಪದ ಲೆಕ್ಕದಲ್ಲೇ. "ಸರ್, ನಂದೇ ಸಮೀಪ ಅದರಿ" ಅಂತ ಇಬ್ಬರೂ ಕೂಗುತ್ತಾರೆ. ಆಗ ರಿಂಗ್ ಮುಟ್ಟಬೇಡಿ. ಒಂದು ದಾರ ತಂದು, ಗೂಟದ ಅಂಚಿನಿಂದ ರಿಂಗಿನ ಅತಿ ಹತ್ತಿರದ ಅಂಚಿಗೆ ಹಿಡಿದು, ಗುರುತು ಮಾಡಿ, ಅದೇ ದಾರವನ್ನು ಇನ್ನೊಂದು ರಿಂಗಿಗೆ ಹಿಡಿಯಿರಿ. ಅಳೆಯುವ ಕೆಲಸ ಜಗಳವಾಡಿದ ಇಬ್ಬರಿಗೇ ಕೊಡಿ, ಒಬ್ಬರು ಗೂಟದ ಕಡೆ, ಒಬ್ಬರು ರಿಂಗಿನ ಕಡೆ. ಸರಿಸಮ ಬಂದರೆ ಆ ಸರದಿಗೆ ಯಾರಿಗೂ ಅಂಕವಿಲ್ಲ. ಅಳೆದಾದ ಮೇಲೆ ಇಬ್ಬರೂ ರಿಂಗ್ ಎತ್ತಿಕೊಂಡು ಅಲ್ಲಿಂದಲೇ ಎದುರಿನ ಗೂಟಕ್ಕೆ ಎಸೆಯಬೇಕು. ಎರಡನೆಯ ಅಂಕಣ ಬೇಕೆಂದದ್ದು ಅದಕ್ಕೇ. ಅಂಕ ಗಳಿಸಿದವರು ಮೊದಲು ಎಸೆಯುತ್ತಾರೆ.