ಬಚ್ಚಲ ಕಂಬಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯ ತೋಟಿಗರ ಹಳೆಯ ಮನೆಗಳಲ್ಲಿ ಬಚ್ಚಲೆಂಬುದು ಹಿತ್ತಿಲ ಕಡೆಗೆ ಮೆಟ್ಟಿಲಿಳಿದು ಸೇರಬೇಕಾದ, ಒಲೆಯ ಹೊಗೆಯಿಂದ ಕಪ್ಪಾದ, ಮಳೆಗಾಲ ಮುಗಿಯುವವರೆಗೆ ಒಣಗುವುದನ್ನೇ ಅರಿಯದ ಸ್ಥಳವಾದುದರಿಂದ, ಪೇಟೆಯ ಉಪಾಯಗಳು ಅಲ್ಲಿಗೆ ಒಗ್ಗವೆಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆನು. ಯಲ್ಲಾಪುರದ ಭಾವನವರು ಕೇಳಲಿಲ್ಲ. ಆಯಿಯ ಮಂಡಿನೋವು ಬಲಿತಾಗ ಥಳಥಳಿಸುವ ಉಕ್ಕಿನ ಕಂಬಿಯನ್ನೂ ಕನ್ನಡಿಯಂಥ ಟೈಲ್ಸನ್ನೂ ತಂದು, ಅರ್ಧ ದಿನದಲ್ಲಿ ಕೂರಿಸಿ, ಕೃತಕೃತ್ಯರಾಗಿ ಕವಳ ಹಾಕಿದರು. ಗೋಡೆಯೋ ಕೆಮ್ಮಣ್ಣಿನದು; ಮೇಲಣ ಸಿಮೆಂಟಿನ ಗಿಲಾವು ಬೆರಳಿನ ದಪ್ಪವೂ ಇಲ್ಲ; ಸ್ಕ್ರೂ ಹಿಡಿಯುವುದಾದರೂ ಯಾವುದನ್ನು?

ಶ್ರಾವಣದ ಸಂಜೆ, ಕರೆಂಟು ಹೋಗಿದ್ದ ಹೊತ್ತಿನಲ್ಲಿ, ಹಂಡೆಯ ಬಳಿಯ ಮಣೆಯಿಂದೇಳುತ್ತ ಆಯಿ ಆ ಕಂಬಿಯನ್ನೇ ನಂಬಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಅದು ಗಿಲಾವಿನ ಹಕ್ಕಳೆಯೊಡನೆ ಕಿತ್ತುಬಂದು ಆಕೆಯ ಕೈಯಲ್ಲಿಯೇ ಉಳಿಯಿತು. ಸದ್ದು ಕೇಳಿ ಬ್ಯಾಟರಿ ಹಿಡಿದು ಓಡಿದೆನು. ಬಾಗಿಲು ಒಳಕ್ಕೆ ತೆರೆಯುವಂಥದು; ಗೇಣಗಲ ಸರಿದು ಬಿದ್ದವಳ ಮೈಗೆ ತಾಗಿ ನಿಂತಿತು. ದೂಡಿದರೆ ನೊಂದ ಕಾಲಿಗೇ ಪೆಟ್ಟು, ದೂಡದಿದ್ದರೆ ಒಳಹೋಗುವ ಹಾದಿಯಿಲ್ಲ. “ಎಂಗೆ ಎಂತೂ ಆಜಿಲ್ಲೆ, ಹೆದ್ರಡ” ಎಂಬ ಕ್ಷೀಣಧ್ವನಿ ಕತ್ತಲೆಯಿಂದ ಬರುತ್ತಿರಲು, ಒಲೆಯಿಂದ ಜಾರಿದ ಕೊಳ್ಳಿಯೊಂದು ಆಕೆಯ ಸೀರೆಯ ಸೆರಗಿಗೆ ಮೊಳದೂರದಲ್ಲಿ ಹೊಗೆಯಾಡುತ್ತಿದ್ದುದು ಸಂದಿಯಿಂದ ಕಾಣುತ್ತಿದ್ದಿತು. ಆ ಸಂದಿಯಲ್ಲಿಯೇ ಚೊಂಬಿನ ನೀರು ಚೆಲ್ಲಿ ಕೊಳ್ಳಿಯನ್ನು ನಂದಿಸಿ, ಬಾಗಿಲ ಹಲಗೆಗಳನ್ನು ಕತ್ತಿಯಿಂದ ಒಂದೊಂದಾಗಿ ಎಬ್ಬಿಸಬೇಕಾಯಿತು. ಮುರಿದುದು ತೊಡೆಮೂಳೆಯ ಕತ್ತು. ಮುಂಡಗೋಡದ ಮಾರ್ಗವಾಗಿ ಹುಬ್ಬಳ್ಳಿಗೆ 100 ಕಿಲೋಮೀಟರಿಗೂ ಮೀರಿದ ಆ ರಾತ್ರಿಯ ಪ್ರಯಾಣವನ್ನು ವರ್ಣಿಸಲಾರೆ.

ಈಗ ಬಾಗಿಲು ಹೊರಕ್ಕೆ ತೆರೆಯುತ್ತದೆ. ಅಗಣಿಯನ್ನು ಹೊರಗಿನಿಂದಲೂ ಸರಿಸಬಹುದು. ಟೈಲ್ಸಿನ ಬದಲು ಒರಟು ಕಲ್ಲು, ಹಾವಸೆ ಕಟ್ಟದಂತೆ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ. ಇಳಿಜಾರಿಗೆ ಸರಕಾರದ ಮಾರ್ಗಸೂಚಿ ಹೇಳುವ 1:12ರ ಲೆಕ್ಕದಲ್ಲಿ ಅರ್ಧ ಅಡಿಯ ಮೆಟ್ಟಿಲಿಗೆ 6 ಅಡಿ ಜಾಗ ಬೇಕು. ಅಷ್ಟು ಸ್ಥಳವಿಲ್ಲದುದರಿಂದ ಬಚ್ಚಲ ನೆಲವನ್ನೇ ಎತ್ತರಿಸಿದೆವು. ಹೊಸ ಕಂಬಿಯ ಬೋಲ್ಟುಗಳು ಗೋಡೆಯನ್ನು ತೂರಿ ಆಚೆಯ ಕಬ್ಬಿಣದ ಪಟ್ಟಿಗೆ ಬಿಗಿಯಲ್ಪಟ್ಟಿವೆ. ಆಯಿಯ ಕೈಗೆ ಕೊಡುವ ಮೊದಲು ನಾನೇ ಅದಕ್ಕೆ ಜೋತು ನೋಡಿದೆನು.

ಭಾವನವರು ಮೊನ್ನೆ ಬಂದವರು ಅದನ್ನು ಅಲುಗಾಡಿಸಿ ನೋಡಿ, “ನಾ ತಂದ ಕಂಬಿಯೂ ಚೊಲೋದೇ ಇದ್ದಿತ್ತು, ನಿಂಗಳ ಗೋಡೆ ಸರಿ ಇಲ್ಲೆ” ಎಂದರು.